ಬಾಲದ ಗಾಲಿ

ಮೂವತ್ತೊಂದು ವರ್ಷ ಅಶೋಕಪುರಂ ವರ್ಕ್‌ಶಾಪಿನಲ್ಲಿ
ಗಾಲಿ ಅಂದರೆ ನನಗೆ
ಕ್ರೇನಿನ ಕೊಂಡಿಗೆ ಜೋತು ಬರುವ ವಸ್ತು.
ಜೋಡಿಗೆ ಟನ್ನಿನ ಮೇಲೆ.
ಕಾಲ ಮೇಲೆ ಉರುಳಿದರೆ ಕಾಲಿಲ್ಲ, ಅಷ್ಟೇ.
ಸುತ್ತಿಗೆಯಲ್ಲಿ ಒಂದು ಬಡಿದರೆ
ಗಟ್ಟಿಯದು ಗುಡಿಗಂಟೆಯ ಹಾಗೆ ಓಗೊಡುತ್ತದೆ,
ಬಿರುಕು ಬಿಟ್ಟದ್ದು ಒಡಕು ಮಡಕೆಯ ದನಿಯಲ್ಲಿ
ತಾನೇ ತಪ್ಪೊಪ್ಪಿಕೊಳ್ಳುತ್ತದೆ.

ಈಗ ಶ್ರೀರಾಂಪುರದ ಶೆಡ್ಡಿನಲ್ಲಿ ಮಂಡಿಯೂರಿ
ನಾವೇ ಕಟ್ಟಿದ ವಿಮಾನದ ಬಾಲದಡಿ ಕೂತಿದ್ದೇನೆ,
ಅಂಗೈಯಗಲದ ಒಂದು ಗಾಲಿಯ ಚಿಂತೆಗೆ.

ಮೊದಲು ಹಾಕಿದ್ದು ಕೈಗಾಡಿಯದು.
ಗಟ್ಟಿ ರಬ್ಬರು, ಕಬ್ಬಿಣದ ಕವಲು, ನನ್ನದೇ ವೆಲ್ಡಿಂಗು.
ಒಂದು ಕಿಲೋ ಎಂಟುನೂರ ನಲವತ್ತು.
ರೈಲ್ವೆಯವನ ಕೈ, ಕಡಿಮೆ ಹಾಕಿ ಗೊತ್ತಿಲ್ಲ.

"ಬಾಲದ ಒಂದು ಗ್ರಾಮು ಮೂತಿಯಲ್ಲಿ ಮೂರು ಕೇಳುತ್ತೆ ಸಿದ್ದು,
ಏತ ನೋಡಿಲ್ವಾ ನೀನು?" ಅಂದರು ವಿಮಲಾಕ್ಷಿ ಟೀಚರ್.
ರೆಕ್ಕೆಯ ಲೆಕ್ಕವೆಲ್ಲ ಅವರದು, ರಿವೆಟ್ಟೆಲ್ಲ ನನ್ನದು.
ನೋಡಿದ್ದೆ.
ಏತದ ಮರದ ಮೇಲೆ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರೆ
ಬಾವಿಯೇ ಎದ್ದು ಬಂದ ಹಾಗೆ ಬರುತ್ತಿತ್ತು ನೀರು.
ಅದನ್ನು ಮರೆತು ಮೂತಿಗೆ ಸೀಸದ ಗಟ್ಟಿ ಕಟ್ಟಿದ್ದೆವು.
ಬಾಲ ಮಾಡಿದ ತಪ್ಪಿಗೆ ಮೂಗಿಗೆ ದಂಡ.

ಮಂಡಿ ಮೊಹಲ್ಲಾದ ಗುಜರಿಯಲ್ಲಿ ಮೂರು ಶನಿವಾರ.
ಆಸ್ಪತ್ರೆ ಟ್ರಾಲಿಯದೊಂದು ಸಿಕ್ಕಿತು,
ಎಷ್ಟು ಜನರ ಹಣೆಬರಹ ಹೊತ್ತು ಓಡಿತ್ತೋ,
ಬೇರಿಂಗು ಇನ್ನೂ ನರಳುತ್ತಿತ್ತು.
ಸೂಟ್‌ಕೇಸಿನದು ಅರವತ್ತೇ ಗ್ರಾಂ,
ಹೆಬ್ಬೆರಳು ಒತ್ತಿದ್ದೇ ಚಕ್ಕಳದ ಹಾಗೆ ಮುರಿಯಿತು.
ಎದುರು ಮನೆಯ ಹುಡುಗಿ ತನ್ನ ಸ್ಕೇಟಿನದೊಂದು ಬಿಚ್ಚಿ ಕೊಟ್ಟಳು,
"ವಾಪಸ್ ಬೇಡ ಅಂಕಲ್, ಒಂದು ಸುತ್ತು ಸಾಕು."
ಡಾಂಬರಿನ ಮೇಲೆ ಅದು ರಾಗ ಎಳೆಯಿತು,
ಕೆಮ್ಮಣ್ಣಿಗಿಳಿದರೆ ನೇಗಿಲು.

ಕೊನೆಗೆ ಇನಾಯತನ ಲೇತು.
ಬಿಳೀ ನೈಲಾನಿನ ಗಟ್ಟಿ, ಸಿಪ್ಪೆ ಹೆರೆದ ಮೂಲಂಗಿಯಂಥದ್ದು,
ಉಳಿಗೆ ಸಿಕ್ಕಿ ಸುರುಳಿ ಸುರುಳಿ ಬಿಚ್ಚಿಕೊಂಡಿತು.
ಕವಲಿಗೆ ಅಲ್ಯೂಮಿನಿಯಂ.
ಎಲ್ಲ ಸೇರಿಸಿ ಬೀದಿ ತುದಿಯ ಕಾಫಿಪುಡಿ ಅಂಗಡಿಗೆ ಒಯ್ದೆ,
ಗ್ರಾಮು ಸುಳ್ಳು ಹೇಳದ ತಕ್ಕಡಿ ಅದೊಂದೇ.
ನಾನೂರ ಹನ್ನೆರಡು.
"ಚಿಕೋರಿ ಎಷ್ಟು ಬೆರೆಸಲಿ?" ಅಂದ ಸುಂದರಮೂರ್ತಿ.
ಅಂಟಿದ ಪುಡಿ ಒರೆಸಿಟ್ಟೆ. ನಾನೂರ ಹತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು.
ಹಗುರಕ್ಕೂ ಒಂದು ಚಟವಿದೆ ಸ್ವಾಮಿ, ಭಾರಕ್ಕಿಲ್ಲ.
"ಇನ್ನಾರು ತೂತು ಹೊಡಿ" ಅಂದೆ ಇನಾಯತನಿಗೆ.
ಮುನ್ನೂರ ಐವತ್ತು!
ರಾತ್ರಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಮಾರನೆಯ ಬೆಳಗ್ಗೆ ಕೊಯ್ದ ಹುರುಳಿ ಹೊಲದಲ್ಲಿ
ರೆಕ್ಕೆ ಬಿಚ್ಚಿಟ್ಟು ನೆಲದ ಮೇಲೇ ಓಡಿಸಿದೆವು.
ಇಪ್ಪತ್ತರ ವೇಗ ದಾಟಿದ್ದೇ ತಡ
ಉಣ್ಣೆ ಕಚ್ಚಿದ ಹಸು ಕಿವಿ ಕೊಡವಿದ ಹಾಗೆ
ಬಾಲ ಪಟಪಟ ಪಟಪಟ.
ಟೀಚರ್ ಇಂಜಿನ್ನು ಆರಿಸಿ, ಕನ್ನಡಕ ತೆಗೆದು,
ಬಹಳ ಹೊತ್ತು ಒರೆಸಿದರು.
ತೂತು ತೂತಿನ ನಡುವೆ ಕೂದಲೆಳೆ ಬಿರುಕು.

ಇನ್ನೊಂದು ಗಾಲಿ ಕಡೆಸಿದೆ. ತೂತಿಲ್ಲದ್ದು, ನಾನೂರ ಹತ್ತರದ್ದು.
ಹೆಚ್ಚಿಗೆ ಅರವತ್ತು ಗ್ರಾಂ, ಮೂತಿಯಲ್ಲಿ ನೂರ ಎಂಬತ್ತು.
ಟೀಚರ್ ತಮ್ಮ ನೋಟ್‌ಬುಕ್ಕಿನಲ್ಲಿ ಅದರ ಎದುರಿಗೆ
'ಭಯ' ಎಂದು ಬರೆದು ಕೂಡಿಸಿಕೊಂಡರು.

ಹಳೇ ಚಾಳಿ, ಸುತ್ತಿಗೆ ತಗೊಂಡು ಒಂದು ಬಡಿದೆ.
ಟಪ್.
ಗಂಟೆಯೂ ಇಲ್ಲ, ಮಡಕೆಯೂ ಇಲ್ಲ.
ಓಡುವಾಗ ಎಲ್ಲಕ್ಕಿಂತ ಮೊದಲು ನೆಲ ಬಿಡುವುದು ಇದೇ.
ಬಿಟ್ಟ ಮೇಲೆ ಇದಕ್ಕೆ ಕೆಲಸವಿಲ್ಲ,
ಮೇಲಿರುವಷ್ಟು ಹೊತ್ತೂ ಸುಮ್ಮನೆ ಜೊತೆಗೆ ಬರಬೇಕು.
ಮಾತಾಡದ ವಸ್ತುವನ್ನು ನಂಬುವುದು ಹೇಗೆಂದು
ಯಾವ ಫೋರ್‌ಮನ್ನೂ ನನಗೆ ಕಲಿಸಿಲ್ಲ.

ಪಿನ್ನು ತೂರಿಸಿ ಎರಡೂ ಕಾಲು ಮಡಚಿದೆ.
ಕಳಚಿದ ಕೈಗಾಡಿ ಗಾಲಿ ಈಗ ಹೊಸಿಲ ಬಳಿ ಕೂತಿದೆ,
ಗಾಳಿಗೆ ಶೆಡ್ಡಿನ ಬಾಗಿಲು ಬಡಿಯದ ಹಾಗೆ.