ಮೂರು ಮಿಲಿಮೀಟರ್

ಪೋರ್ತೊ ನಗರದ ಬೊನ್‌ಫಿಂ ಓಣಿಯಲ್ಲಿ ನಮ್ಮ ಅಚ್ಚುಮನೆ,
ಇಳಿಜಾರಿನ ಕಡೆಗೆ ಬಾಗಿಲು.
ಯಂತ್ರ ನಡೆಸುವವನು ಬೆಲ್ಮಿರು. ನನ್ನದು ಅದಕ್ಕೂ ಹಿಂದಿನ ಕೆಲಸ:
ಬಂದ ಫೈಲಿನ ನಾಡಿ ಹಿಡಿದು ನೋಡುವುದು.
ಅಕ್ಷರಗಳು ತಮ್ಮ ಮೈಯನ್ನು ಜೊತೆಗೇ ತಂದಿವೆಯೇ,
ಹಿಗ್ಗಿಸಿದ ಚಿತ್ರ ಚೌಕಚೌಕವಾಗಿ ಒಡೆದೀತೇ,
ಪರದೆಯ ಹಸಿರು ಶಾಯಿಯ ಹಸಿರಾಗಿ ಇಳಿದೀತೇ.
ಪರದೆ ಬೆಳಕಿನ ಬಲದಲ್ಲಿ ಸುಳ್ಳು ಹೇಳುತ್ತದೆ;
ಕಾಗದಕ್ಕೆ ಆ ಸೌಕರ್ಯವಿಲ್ಲ.

ಮಂಗಳವಾರ ಝುಲ್ಮೀರಾ ಬಂದಳು.
ಬೀಗದ ಕೈಗೊಂಚಲಿಗೆ ಕಟ್ಟಿದ ಪೆನ್‌ಡ್ರೈವ್,
ಬಸ್ಸಲ್ಲಿ ಮೂರು ಗಂಟೆ ದೂರದ ಬೆಟ್ಟದ ಊರು.
ಮೂವತ್ತೆರಡು ಪುಟದ ಪುಸ್ತಿಕೆ, ಇನ್ನೂರು ಪ್ರತಿ:
ಬೆಂಕಿಯ ನಂತರ ಏನು ನೆಡಬೇಕು, ಯಾವಾಗ, ಎಷ್ಟು ಆಳಕ್ಕೆ.
ಓಕ್, ಚೆಸ್ಟ್‌ನಟ್, ಬಿರಡೆಯ ಮರ.
"ನೀಲಗಿರಿ ಕಾಗದ ಮಾತ್ರ ಬೇಡ" ಅಂದಳು, ಕೂರುವ ಮೊದಲೇ.
"ಗುಡ್ಡದ ತುಂಬ ಅದನ್ನೇ ನೆಟ್ಟಿದ್ದರು, ಕಾಗದಕ್ಕೆಂದೇ.
ಹೇಗೆ ಸಿಡಿಯುತ್ತದೆ ಗೊತ್ತಾ,
ತೊಗಟೆ ಹಾರಿ ಹೋಗಿ ಮುಂದಿನ ಬೆಟ್ಟಕ್ಕೆ ಬೆಂಕಿ ಕೊಡುತ್ತದೆ."

ಬೆಲ್ಮಿರು ಹಳೆ ಕಾಗದ ಅರೆದು ಮಾಡಿದ ಹಾಳೆ ತಂದ.
ಬೂದು ಬಣ್ಣ, ಅಲ್ಲಲ್ಲಿ ಯಾವುದೋ ಪತ್ರಿಕೆಯ ಕಪ್ಪು ಚುಕ್ಕೆ.
ಹಿಟ್ಟಿನ ಹದ ನೋಡುವ ಹಾಗೆ ಬೆರಳಲ್ಲಿ ಸವರಿ
"ಇದೇ ಇರಲಿ" ಅಂದಳು. "ಬೂದಿ ನಮಗೆ ಹೊಸದಲ್ಲ."

ಮುಖಪುಟಕ್ಕೆ ಅವಳೇ ತೆಗೆದ ಫೋಟೊ: ಸುಟ್ಟ ಗುಡ್ಡ, ರಾತ್ರಿ.
ಕಪ್ಪಿಗೆ ನಾಲ್ಕೂ ಶಾಯಿ ಭರ್ತಿ ಸುರಿದಿದ್ದಳು,
ನೂರು ನೂರು ಸೇರಿ ನಾನೂರು.
ಈ ಕಾಗದ ಕುಡುಕ, ಅಂದೆ. ಅಷ್ಟು ಕೊಟ್ಟರೆ ಒಣಗುವುದಿಲ್ಲ,
ಮುಂದಿನ ಹಾಳೆಯ ಬೆನ್ನಿಗೆ ಅಂಟುತ್ತದೆ.
ಸೋಯಾ ಎಣ್ಣೆಯ ಶಾಯಿ ಬೇರೆ, ಅದಕ್ಕೆ ಆತುರವಿಲ್ಲ.
ಇನ್ನೂರ ನಲವತ್ತಕ್ಕೆ ಇಳಿಸಿದೆ.
ಪರದೆಗೆ ಮೂಗು ತಾಗಿಸಿ ಕೇಳಿದಳು:
"ಈಗ ಆ ರಾತ್ರಿಗೆ ಕತ್ತಲೆ ಕಡಿಮೆಯಾಯಿತೇ?"
ನೋಡುವವರಿಗೆ ತಿಳಿಯುವುದಿಲ್ಲ, ಅಂದೆ.
ಹಾಗನ್ನಬಾರದಿತ್ತು.

ಆಮೇಲೆ ಅಂಚಿನ ಮಾತು.
ಕತ್ತರಿಸುವ ಗೆರೆಯಾಚೆಗೂ ಚಿತ್ರ ಮೂರು ಮಿಲಿಮೀಟರ್ ಹರಿದಿರಬೇಕು,
ಇಲ್ಲದಿದ್ದರೆ ಅಲಗು ಕೂದಲೆಳೆಯಷ್ಟು ಜಾರಿದರೂ
ಬರಿಗಾಗದ ಇಣುಕುತ್ತದೆ.
ನಮ್ಮ ಭಾಷೆಯಲ್ಲಿ ಅದಕ್ಕೆ ಸಾಂಗ್ರೀಯ, ನೆತ್ತರು ಸುರಿಸುವುದು.
ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಆಡಿದ ಮಾತು
ಅವತ್ತು ನಾಲಿಗೆಯಲ್ಲೇ ತಡೆಯಿತು.

ಅವಳ ಫೋಟೊ ಗೆರೆಯಲ್ಲೇ ಮುಗಿದಿತ್ತು.
ಚಿಂತೆಯಿಲ್ಲ, ಕಂಪ್ಯೂಟರೇ ತುಂಬಿಕೊಡುತ್ತದೆ, ಅಂದೆ.
ಒಂದು ಗುಂಡಿ. ಬಲಗಡೆಗೆ ಗುಡ್ಡ ತಾನಾಗಿ ಬೆಳೆಯಿತು:
ನಾಲ್ಕು ಮರ, ಒಂದಿಷ್ಟು ಆಕಾಶ,
ಯಾರಿಗೂ ಅನುಮಾನ ಬಾರದ ಹಾಗೆ.

"ಅಲ್ಲಿ ಮರ ಇರಲಿಲ್ಲ" ಅಂದಳು ಝುಲ್ಮೀರಾ.
"ಅಲ್ಲಿ ನನ್ನ ತಮ್ಮ ಇಲೀದಿಯುವಿನ ಮನೆ.
ಅದು ಬರಬಾರದೆಂದೇ ಕ್ಯಾಮೆರಾ ಇಷ್ಟಕ್ಕೆ ನಿಲ್ಲಿಸಿದ್ದೆ."

ಹೇಗಿದ್ದರೂ ಕತ್ತರಿಸಿ ಬಿಸಾಡುವ ಭಾಗ ಅದು,
ಪುಸ್ತಕದಲ್ಲಿ ಉಳಿಯುವುದಿಲ್ಲ...
ಬಾಯಿಗೆ ಬಂದಿತ್ತು. ನುಂಗಿಕೊಂಡೆ.
ಗುಂಡಿ ಒತ್ತಿ ಮರಗಳನ್ನು ವಾಪಸು ಕಳಿಸಿದೆ.
ಫೋಟೊ ಒಳಕ್ಕೆ ಸರಿಸಿ ಸುತ್ತ ಬೆರಳಗಲ ಖಾಲಿ ಬಿಟ್ಟೆ,
ಬೂದು ಕಾಗದ ತನ್ನ ಪಾಡಿಗೆ ಕಾಣಲೆಂದು.
"ಶಾಯಿಯೂ ಉಳಿಯಿತು" ಅಂದ ಬೆಲ್ಮಿರು, ಲೆಕ್ಕದ ಮನುಷ್ಯ.

ಗುರುವಾರ ಅಚ್ಚು. ಪ್ಲೇಟು ಏರಿತು, ಹಾಳೆ ಇಳಿಯಿತು.
ರೋಲರ್ ತೊಳೆಯುವ ಎಣ್ಣೆಗೆ ಈಗ ಅಡುಗೆಮನೆಯ ವಾಸನೆ,
ಸೀಮೆಎಣ್ಣೆಯ ಕಾಲದ ತಲೆನೋವಿಲ್ಲ.
ಒಳಪುಟಗಳ ಅಂಚು ಕತ್ತರಿಸಿದ ಚೂರು ರಾಶಿ ಬಿತ್ತು.
ಝುಲ್ಮೀರಾ ಒಂದು ಚೀಲ ತುಂಬಿಕೊಂಡಳು:
ಓಕ್ ಬೀಜ ಮೊಳೆಯಲು ಒದ್ದೆ ಕಾಗದ ಬೇಕಂತೆ.

ಬಿಲ್ ಕೇಳಿದಳು. ಆಫೀಸಿನ ಪುಟ್ಟ ಪ್ರಿಂಟರ್ ಗರ್ ಅಂದು
ಒಂದು ಹಾಳೆ ಉಗುಳಿತು. ಬೆಳ್ಳಗೆ, ಹೊಸ ಸುಣ್ಣದಷ್ಟು ಬೆಳ್ಳಗೆ.
ಪಕ್ಕದಲ್ಲಿದ್ದ ಕಟ್ಟಿನ ಹೊದಿಕೆಯ ಮೇಲೆ
ಕುಡುಗೋಲಿನ ಹಾಗೆ ಬಾಗಿದ ಎಲೆಯ ಚಿತ್ರ;
ಇಷ್ಟು ವರ್ಷ ಅದು ಯಾವ ಮರದ್ದೆಂದು ನಾನು ನೋಡಿರಲಿಲ್ಲ.
ಅವಳು ನೋಡಿದಳು.
ಬಿಲ್ಲನ್ನು ನಾಲ್ಕಾಗಿ ಮಡಿಸಿ, ಏನೂ ಅನ್ನದೆ,
ಚೀಲದ ಹೊರಜೇಬಿಗೆ ಹಾಕಿಕೊಂಡಳು,
ಬೀಜದ ಕಾಗದಕ್ಕೆ ತಾಗದ ಹಾಗೆ.