ಹಲ್ಲಿನಲ್ಲಿ ಕೇಳಿದ್ದು

ಪುಂತಾ ಅರೇನಸ್ಸಿನಲ್ಲಿ ಗಾಳಿಗೆ ರಜೆಯಿಲ್ಲ.
ಚೌಕದ ಮೂಲೆಯಲ್ಲಿ ಹಗ್ಗ ಕಟ್ಟಿರುತ್ತಾರೆ,
ಮುದುಕಿಯರು ಹಿಡಿದು ದಾಟಲೆಂದು.
ನಮ್ಮ ಶಾಲೆಯ ವರ್ಕ್‌ಶಾಪಿನ ತಗಡಿನ ಬಾಗಿಲು
ಇಪ್ಪತ್ತೆಂಟು ವರ್ಷದಿಂದ ಬಡಿದುಕೊಳ್ಳುತ್ತಲೇ ಇತ್ತು.
ಈಚೆಗೆ ಸುಮ್ಮನಾಗಿದೆ.
ಯಾರೋ ತಿರುಗಣಿಗೆ ಎಣ್ಣೆ ಬಿಟ್ಟಿರಬೇಕು,
ಒಳ್ಳೆಯ ಹುಡುಗರು, ಅಂದುಕೊಂಡಿದ್ದೆ.

ಈ ವರ್ಷ ಹದಿನಾಲ್ಕು ಮಂದಿ.
ಮೊದಲ ದಿನ ನಾನು ಸ್ಪಾನರ್ ಮುಟ್ಟಿಸುವುದಿಲ್ಲ.
ಕಣ್ಣು ಮುಚ್ಚಿ, ಅನ್ನುತ್ತೇನೆ. ಇಂಜಿನ್ನಿಗೆ ಕಿವಿಗೊಡಿ.
ಟ್ಯಾಪೆಟ್ಟಿನದು ಹೊಲಿಗೆ ಯಂತ್ರದ ಸದ್ದು,
ಬೆಲ್ಟಿನದು ಹಸಿದ ಬೆಕ್ಕಿನದು,
ಬೇರಿಂಗ್ ಸವೆದಿದ್ದರೆ ಮಾತ್ರ
ಒಳಗಿನಿಂದ ಯಾರೋ ಕದ ತಟ್ಟಿದ ಹಾಗೆ.
ತಟ್ಟುವವರನ್ನು ಕಾಯಿಸಬಾರದು.

ಕೈ ಆಮೇಲೆ ಕಲಿಯುತ್ತದೆ:
ಬೋಲ್ಟು ಎಷ್ಟು ಬಿಗಿದರೆ ಸಾಕು,
ಇನ್ನು ಕಾಲು ಸುತ್ತಿಗೆ ಅದು ಹೇಗೆ ಮೆತ್ತಗಾಗಿ
ಕೈಗೇ ಬರುತ್ತದೆ.
ಎಲ್ಲರೂ ಒಂದನ್ನಾದರೂ ಮುರಿಯಲೇಬೇಕು.
ಬ್ರೌಲಿಯೊ ಮಾನ್ಸಿಯಾ ನಾಲ್ಕು ಮುರಿದ,
ನಾಲ್ಕರ ತುಂಡನ್ನೂ ಡ್ರಿಲ್ ಹಾಕಿ ಅವನೇ ತೆಗೆದ,
ಎರಡು ವಾರ, ತುಟಿ ಅಲ್ಲಾಡಿಸುತ್ತಾ.
ಪ್ರಾರ್ಥನೆ ಇರಬೇಕು, ಅಂದುಕೊಂಡೆ.

ಕಿವಿಗೆ ಮುಚ್ಚಿಗೆಯಿಲ್ಲದೆ ಗ್ರೈಂಡರ್ ಮುಟ್ಟಿದವರನ್ನು
ಹೊರಗೆ ಕಳಿಸುತ್ತೇನೆ, ಮುಲಾಜಿಲ್ಲ.
ನನ್ನದು ಮೊಳೆಗೆ ತೂಗುತ್ತಿದೆ,
ಕೊಟ್ಟ ದಿನದಷ್ಟೇ ಹೊಸದಾಗಿ.

ಯಾಸ್ನಾ ಕಾರ್ಕಮೊ ಹೆಚ್ಚು ಮಾತಿನವಳಲ್ಲ.
ಅವಳು ತೊಡುವ ಮೇಲಂಗಿ ಅಣ್ಣನದು,
ಜೇಬಿನ ಮೇಲೆ ಅವನದೇ ಹೆಸರು.
ಮೇ ತಿಂಗಳಲ್ಲಿ ಕುರಿ ಸಾಗಿಸುವ ಹಳೇ ಪಿಕಪ್ಪೊಂದು ಬಂತು,
ಹಿಂದೆ ಹಿಕ್ಕೆ, ಉಣ್ಣೆ; ಮುಂದೆ ಬಡಿತ.
ಬಡಿತ ಅಂತ ಅದರ ಯಜಮಾನ ಹೇಳಿದ.
ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೊತ್ತಿ,
ಮರದ ಹಿಡಿಯನ್ನು ಕಿವಿಗಿಟ್ಟು,
ಹುಬ್ಬು ಗಂಟಿಕ್ಕಿ ನಿಂತೆ.
ಇಪ್ಪತ್ತೆಂಟು ವರ್ಷ ಪಳಗಿದ ಹುಬ್ಬು ಅದು,
ಚೆನ್ನಾಗಿ ಗಂಟಿಕ್ಕುತ್ತದೆ.
ಯಾವುದು, ಹೇಳಿ ನೋಡೋಣ?
ಮೂರನೆಯ ಸಿಲಿಂಡರ್, ಅಂದವು ಯಾಸ್ನಾಳ ತುಟಿಗಳು.
ಭೇಷ್, ಅಂದೆ. ಮೂರನೆಯದೇ.

ಅವಳು ಬರೆದುಕೊಳ್ಳಲಿಲ್ಲ.
ಉಳಿದವರು ಊಟಕ್ಕೆ ಹೋದರೂ ಹೋಗಲಿಲ್ಲ.
ನನ್ನೆದುರು ಬಂದು, ಬೆಳಕಿಗೆ ಮುಖ ಕೊಟ್ಟು,
ಒಂದೊಂದೇ ಅಕ್ಷರ ಬಿಡಿಸಿ ಅಂದಳು:
ಎರಡನೆಯದು, ಮೇಸ್ಟ್ರೇ.
ಬೇಕೆಂದೇ ಮೂರು ಅಂದೆ.

ಇಂಜಿನ್ ಓಡುತ್ತಲೇ ಇತ್ತು.
ರಬ್ಬರ್ ಹಿಡಿಯ ಇಕ್ಕಳದಲ್ಲಿ
ಎರಡನೆಯ ಪ್ಲಗ್ಗಿನ ವೈರು ಎಳೆದಳು.
ಬಡಿತ ನಿಂತಿರಬೇಕು. ಅವಳ ಮುಖದಲ್ಲಿ ನಿಂತಿತು.
ಮತ್ತೆ ಸಿಕ್ಕಿಸಿದಳು.
ಮುಖದಲ್ಲಿ ಶುರುವಾಯಿತು.

ಮೊದಲು ಬಂದದ್ದು ಕೋಪವೇ, ಸುಳ್ಳೇಕೆ ಹೇಳಲಿ.
ಆಮೇಲೆ ಬಾಗಿಲು ನೆನಪಾಗಿ ತಿರುಗಿದೆ:
ಅದು ಚೌಕಟ್ಟಿಗೆ ಬಡಿದುಕೊಳ್ಳುತ್ತಿತ್ತು,
ಪೂರಾ ಕೈ ಬೀಸಿ,
ಹೊಡೆದಲ್ಲೆಲ್ಲ ಬಣ್ಣ ಉದುರಿ, ತಗಡು ನಗ್ಗಿ,
ಒಂದು ಚೂರೂ ಸದ್ದಿಲ್ಲದೆ.

ಹಲ್ಲಲ್ಲಿ ಕಚ್ಚಿ ನೋಡಿ, ಅಂದಳು.
ಅವಳ ಅಜ್ಜ ದೋಣಿಗಳ ಇಂಜಿನ್ ನೋಡುತ್ತಿದ್ದವ,
ಕಿವಿ ಹೋದ ಮೇಲೂ ಹಾಗೇ ಹತ್ತು ವರ್ಷ ದುಡಿದನಂತೆ.
ಸ್ಕ್ರೂಡ್ರೈವರಿನ ಹಿಡಿಯನ್ನು ಅಣ್ಣನ ತೋಳಿನಲ್ಲಿ,
ಅಂದರೆ ತನ್ನದರಲ್ಲಿ, ಒರೆಸಿ ಕೊಟ್ಟಳು.

ಕಚ್ಚಿದೆ. ಗ್ರೀಸಿನ ರುಚಿ,
ಹದಿನಾಲ್ಕು ಮಕ್ಕಳ ಕೈಬೆವರಿನ ಉಪ್ಪು,
ಆಮೇಲೆ ದವಡೆಯ ಮೂಳೆಯಲ್ಲಿ, ಎಲ್ಲೋ ಕೆಳಗೆ,
ಟಕ್. ಟಕ್. ಟಕ್.
ಎಷ್ಟು ಹೊತ್ತಿನಿಂದ ತಟ್ಟುತ್ತಿತ್ತೋ.

ಹಿಡಿ ಬಾಯಲ್ಲಿತ್ತು, ಮಾತಾಡಲಾಗಲಿಲ್ಲ.
ಎರಡು ಬೆರಳು ಎತ್ತಿ ತೋರಿಸಿದೆ.
ಅವಳು ಆಗ ಬರೆದುಕೊಂಡಳು.