ವ್ಯಾಪ್ತಿಗೆ ಬರುವುದಿಲ್ಲ

ಉಪ್ಪಳದ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ
ಅರ್ಜಿ ಬರೆದು ಬದುಕುವವನು ನಾನು.
ರೇಷನ್ ಕಾರ್ಡಿನ ಹೆಸರು, ಬೇಲಿಯ ತಕರಾರು,
ವಿಧವಾ ಪಿಂಚಣಿ, ಪುಟಕ್ಕೆ ಮೂವತ್ತು.
ಜಿನೀವಾಕ್ಕೆ ಬರೆದದ್ದು ಒಂದೇ ಸಲ.
ಅದಕ್ಕೆ ಎಷ್ಟು ಕೇಳಬೇಕೆಂದು ತಿಳಿಯದೆ
ಏನೂ ಕೇಳಲಿಲ್ಲ.

ಅಪ್ಪಿಯಕ್ಕನ ಮಗ ಪ್ರಜಿತ.
ತಲಪಾಡಿ ಗೇಟಿನ ಆಚೆ ಜೀಪು ಹತ್ತಿಸಿದರು,
ಮೂರನೆಯ ಬೆಳಗ್ಗೆ ಈಚೆ, ಹಳಿಯ ಪಕ್ಕ ಸಿಕ್ಕಿದ.
ಅಂಗಾಲು ಎರಡೂ ಬಾತಿದ್ದವು.
ರೈಲು ಯಾರ ಅಂಗಾಲಿಗೂ ಹೊಡೆಯುವುದಿಲ್ಲ.
ಆಚೆಯ ಠಾಣೆ ಅಂದಿತು: ಹೆಣ ಬಿದ್ದದ್ದು ನಮ್ಮ ಸರಹದ್ದಲ್ಲ.
ಈಚೆಯದು: ಜೀಪು ನಮ್ಮದಲ್ಲ.
ಮಲೆಯಾಳದ ವರದಿಯನ್ನು ಕನ್ನಡಕ್ಕೆ ತಂದೆ,
ಕನ್ನಡದಿಂದ ಇಂಗ್ಲಿಷಿಗೆ.
ಅಂಗಾಲು ಎಂಬಲ್ಲಿ
ಪ್ರತಿ ಭಾಷೆಯಲ್ಲೂ ಪೆನ್ನು ನಿಂತಿತು.

ಹನ್ನೊಂದು ತಿಂಗಳಿಗೆ ಉತ್ತರ.
ನೀಲಿ ಮುದ್ರೆ, ಒಳ್ಳೆಯ ಕಾಗದ.
ಅಪ್ಪಿಯಕ್ಕ ಮೊದಲು ಅದನ್ನು ಮೂಸಿದಳು.
ತುಳುವಿನಲ್ಲಿ ಹೇಳತೊಡಗಿದೆ:
ಚಿತ್ರಹಿಂಸೆ ಕೂಡದು ಎಂಬ ಒಪ್ಪಂದಕ್ಕೆ
ನಿಮ್ಮ ದೇಶ ಸಹಿ ಹಾಕಿದೆ, ದೃಢೀಕರಿಸಿಲ್ಲ.
ಆದ್ದರಿಂದ ಈ ದೂರು
ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.
ದೃಢೀಕರಣ ಎಂಬುದಕ್ಕೆ ತುಳುವಿನಲ್ಲಿ
ಪದ ಹುಡುಕಿ ಸೋತೆ.

"ಅಂದರೆ ಉಂಗುರ ತೊಡಿಸಿ ಹೋಗಿದ್ದಾನೆ,
ಧಾರೆಗೆ ಬಂದಿಲ್ಲ," ಎಂದಳು ಅವಳೇ.
ಹೌದು.
"ಎಷ್ಟು ವರ್ಷವಾಯಿತು?"
ಪ್ರಜಿತ ಹುಟ್ಟುವ ಮೊದಲು.
"ಅಷ್ಟು ವರ್ಷ ಕಾದು ಕೂತ ಹೆಣ್ಣನ್ನು
ಊರು ಏನನ್ನುತ್ತದೆ ಗೊತ್ತುಂಟಲ್ಲ.
ಗಂಡನ್ನು ಕೇಳುವವರಿಲ್ಲ."

ಒಳಗೆ ಜೆರಾಕ್ಸಿನ ಬೆಳಕು ಅತ್ತಿಂದಿತ್ತ ಸರಿಯಿತು.
ಕಾಗದ ಮಡಚುತ್ತಿದ್ದ ನನ್ನ ಕೈ ತಡೆದಳು:
"ಅಧಿಕಾರ ಇಲ್ಲ ಎನ್ನಲಿಕ್ಕಾದರೂ
ಅವರು ಪೂರ್ತಿ ಓದಿರಬೇಕಲ್ಲ?
ಅಂಗಾಲಿನ ವಿಷಯವನ್ನೂ?"
ಓದಿರಬೇಕು, ಎಂದೆ.
"ಠಾಣೆಯವರು ಅಷ್ಟೂ ಮಾಡಲಿಲ್ಲ."

ಅವನ ಹೆಸರು ಎಲ್ಲುಂಟು ಎಂದು ಕೇಳಿದಳು.
ಬೆರಳಿಟ್ಟು ತೋರಿಸಿದೆ.
ಒಂದು ಅಕ್ಷರ ತಪ್ಪಿತ್ತು.
ಬೆರಳು ಅದರ ಮೇಲೆಯೇ ಇತ್ತು.

"ಇನ್ನೊಂದು ಬರೆ.
ಧಾರೆ ಯಾವಾಗ ಎಂದಷ್ಟೇ ಕೇಳು.
ಕೆಳಗೆ ಹೆಬ್ಬೆಟ್ಟಿಗೆ ಜಾಗ ಬಿಡು.
ನಾನು ಒತ್ತಿದರೆ ಒತ್ತಿದ್ದೇ,
ಆಮೇಲೆ ಮತ್ತೊಂದು ಬೇಕಾಗುವುದಿಲ್ಲ."

ಯಾರಿಗೆ ಎಂದು ಅವಳು ಹೇಳಲಿಲ್ಲ.
ನನಗೂ ಗೊತ್ತಿರಲಿಲ್ಲ.
ವಿಳಾಸದ ಸಾಲು ಖಾಲಿ ಬಿಟ್ಟು
ಬಲಮೂಲೆಯಲ್ಲಿ ತಾರೀಖು ಬರೆದೆ.